ಸ್ಕೌಟ್ ಮಾಸ್ತರರಿಗೂ ಒಂದು ಸಭೆ ಬೇಕು

ಸ್ಕೌಟ್ ದಳವೊಂದರ ಒಳರಚನೆಯನ್ನು ಹತ್ತಿರದಿಂದ ಕಂಡವರು ಅದರ ಸೊಗಸನ್ನು ಮೆಚ್ಚದಿರಲಾರರು. ಆರರಿಂದ ಎಂಟು ಮಕ್ಕಳದೊಂದು ಪೆಟ್ರೋಲ್. ಅದಕ್ಕೆ ಮಕ್ಕಳಲ್ಲಿಯೇ ಒಬ್ಬ ನಾಯಕ. ಪೆಟ್ರೋಲಿನವರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವುದಕ್ಕೆ ಒಂದು ಸಭೆ. ನಾಯಕರೆಲ್ಲರೂ ಕೂಡಿ ದಳದ ಕಾರ್ಯಕ್ರಮ, ಹಣಕಾಸು, ಶಿಸ್ತುಗಳನ್ನು ವಿಚಾರಿಸುವುದಕ್ಕೆ ‘ಕೋರ್ಟ್ ಆಫ್ ಆನರ್’ ಎಂಬ ಗೌರವ ಸಭೆ. ಹನ್ನೆರಡು ವರ್ಷದ ಬಾಲಕನಿಗೂ ತನ್ನ ಕಷ್ಟವನ್ನು ಸಮಾನರ ಮುಂದೆ ಇಡುವ ಅವಕಾಶವನ್ನು ಈ ಪದ್ಧತಿಯು ಕಲ್ಪಿಸಿಕೊಟ್ಟಿದೆ. ಆದರೆ ಇವರೆಲ್ಲರ ಬೆನ್ನ ಹಿಂದೆ ನಿಂತಿರುವ ಸ್ಕೌಟ್ ಮಾಸ್ತರರು, ಗೈಡ್ ಕ್ಯಾಪ್ಟನ್ನರು ತಮ್ಮ ಕಷ್ಟವನ್ನು ಯಾರ ಮುಂದೆ ಇಡಬೇಕು? ಸ್ಥಳೀಯ ಸಂಸ್ಥೆಯಿದೆ, ಜಿಲ್ಲಾ ಸಂಸ್ಥೆಯಿದೆ. ಅವುಗಳ ಸಭೆಗಳೂ ಉಂಟು. ಅಲ್ಲಿ ಸಾಮಾನ್ಯವಾಗಿ ನಡೆಯುವುದು ಮೇಳ, ವಂತಿಗೆ, ಪರೀಕ್ಷೆಯ ದಿನಾಂಕಗಳ ಮಾತು. ಮನಸ್ಸಿನ ಮಾತಿಗೆ ಅಲ್ಲಿ ಎಡೆ ಕಡಿಮೆ.

ಬೆಂಗಳೂರಿಗೂ ಈ ಚಳವಳಿಗೂ ಇರುವ ನಂಟು ಹಳೆಯದು. ಬೇಡನ್ ಪೊವೆಲ್ಲರು ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಶಿಬಿರವನ್ನು ನಡೆಸಿದ್ದು 1907ರಲ್ಲಿ. ಎರಡೇ ವರ್ಷಗಳ ತರುವಾಯ, 1909ರಲ್ಲಿ, ಭಾರತದ ಮೊದಲ ದಳವು ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ ಹುಟ್ಟಿತು. ಅಂದು ಅದರಲ್ಲಿ ಭಾರತೀಯ ಬಾಲಕರಿಗೆ ಪ್ರವೇಶವಿರಲಿಲ್ಲ. ಆ ಕೊರತೆಯನ್ನು ನೀಗಲು ಆನಿ ಬೆಸೆಂಟ್ ಮೊದಲಾದವರು ಪ್ರತ್ಯೇಕ ಸಂಸ್ಥೆಗಳನ್ನೇ ಕಟ್ಟಬೇಕಾಯಿತು. 1950ರ ನವೆಂಬರ್ 7ರಂದು ‘ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್’ ರೂಪುಗೊಂಡಿತು. ಕರ್ನಾಟಕದಲ್ಲಿ ಕೊಂಡಜ್ಜಿ ಬಸಪ್ಪನವರಂಥ ಹಿರಿಯರು ಇದಕ್ಕಾಗಿ ದೀರ್ಘಕಾಲ ದುಡಿದರು. ಹರಿಹರ ತಾಲ್ಲೂಕಿನ ಕೊಂಡಜ್ಜಿಯಲ್ಲಿಯೂ ದೊಡ್ಡಬಳ್ಳಾಪುರದಲ್ಲಿಯೂ ತರಬೇತಿಯ ನೆಲೆಗಳಿವೆ. ವಯಸ್ಕ ನಾಯಕರಿಗೆ ಮೂಲ ತರಬೇತಿ, ಮುಂದುವರಿದ ತರಬೇತಿ, ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಮೆಟ್ಟಿಲುಗಳಿವೆ. ಇವುಗಳ ವಿಷಯದಲ್ಲಿ ದೂರಬೇಕಾದದ್ದು ಹೆಚ್ಚಿಲ್ಲ. ತೊಂದರೆ ಮೊದಲಾಗುವುದು ಶಿಬಿರ ಮುಗಿದ ಮರುದಿನ.

ಪೀಣ್ಯದ ಕೈಗಾರಿಕಾ ವಲಯದ ಶಾಲೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಅಲ್ಲಿಗೆ ಬರುವ ಮಕ್ಕಳ ತಂದೆಯರು ಲೇತಿನ ಮುಂದೆ ನಿಲ್ಲುವವರು, ತಾಯಂದಿರು ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹೊಲಿಯುವವರು. ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬಂದ ಸಂಸಾರಗಳಂತೆಯೇ ಬಿಹಾರ, ಒಡಿಶಾಗಳಿಂದ ಬಂದವೂ ಇವೆ. ತಂದೆಯ ಪಾಳಿ ಬದಲಾದರೆ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯಬೇಕಾದ ಹುಡುಗ ದಳಕ್ಕೆ ಬರುವುದಿಲ್ಲ. ಬಾಡಿಗೆ ಹೆಚ್ಚಿದರೆ ಸಂಸಾರವೇ ಬೇರೆ ಬಡಾವಣೆಗೆ ಹೋಗುತ್ತದೆ. ಪೆಟ್ರೋಲ್ ನಾಯಕನೊಬ್ಬ ತನ್ನ ದಂಡವನ್ನು ಮೂಲೆಯಲ್ಲಿಟ್ಟು ಹೇಳದೆ ಕೇಳದೆ ಮಾಯವಾಗುತ್ತಾನೆ. ಹಗ್ಗದ ಗಂಟುಗಳನ್ನು ಶಿಬಿರದಲ್ಲಿ ಕಲಿತು ಬಂದ ಮಾಸ್ತರರಿಗೆ ಈ ಗಂಟನ್ನು ಬಿಡಿಸುವುದು ಹೇಗೆಂದು ಯಾರೂ ಕಲಿಸಿರುವುದಿಲ್ಲ. ಅವರು ತಮ್ಮಲ್ಲೇ ಕೊರತೆಯಿದೆಯೆಂದು ಭಾವಿಸುತ್ತಾರೆ. ಎರಡು ಕಿಲೋಮೀಟರ್ ಆಚೆಯ ಶಾಲೆಯಲ್ಲಿ ಇನ್ನೊಬ್ಬರು ಇದೇ ಸಂಕಟದಲ್ಲಿ ಇದ್ದಾರೆಂಬುದು ಅವರಿಗೆ ತಿಳಿಯದು. ವರ್ಷ ಎರಡು ವರ್ಷ ಹೆಣಗಿ, ಮತಪಟ್ಟಿಯ ಕೆಲಸ, ಪರೀಕ್ಷೆಯ ಕೆಲಸಗಳ ನಡುವೆ ಒಂದು ದಿನ ಸೀಟಿಯನ್ನು ಬೀರುವಿನಲ್ಲಿಡುತ್ತಾರೆ. ಅನೇಕ ದಳಗಳು ಸಾಯುವ ಬಗೆ ಇದು. ಮಕ್ಕಳಿಗೆ ಉತ್ಸಾಹ ಕುಗ್ಗಿ ಸತ್ತ ದಳಗಳು ವಿರಳ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಷ್ಟದ ಮುಖ ಬೇರೆ. ಅಲ್ಲಿ ಶಾಲೆಗೆ ಸೇರದ ಮುಕ್ತ ದಳಗಳನ್ನು ನಡೆಸಲು ಗಣಕಯಂತ್ರದ ಮುಂದೆ ದುಡಿಯುವ ತರುಣರು ಮುಂದೆ ಬರಬಲ್ಲರು. ಅವರಲ್ಲಿ ಹಣವುಂಟು, ಹುಮ್ಮಸ್ಸುಂಟು. ಮಕ್ಕಳನ್ನು ಸಂಭಾಳಿಸಿದ ಅನುಭವವಿಲ್ಲ. ಅನುಭವವುಳ್ಳ ಹಳೆಯ ಉಪಾಧ್ಯಾಯರಿಗೆ ಅವರ ಪರಿಚಯವಿಲ್ಲ. ಇಬ್ಬರನ್ನೂ ಒಂದು ಚಾಪೆಯ ಮೇಲೆ ಕೂರಿಸುವವರು ಬೇಕಾಗಿದೆ.

ಅಮೆರಿಕದ ಸ್ಕೌಟ್ ಸಂಸ್ಥೆಯಲ್ಲಿ ‘ರೌಂಡ್ ಟೇಬಲ್’ ಎಂಬ ಹೆಸರಿನ ಕೂಟವೊಂದು ರೂಢಿಯಲ್ಲಿದೆ. ಪ್ರತಿ ತಿಂಗಳೂ ಒಂದು ಸಂಜೆ ಜಿಲ್ಲೆಯ ವಯಸ್ಕ ಸ್ವಯಂಸೇವಕರು ಸೇರುತ್ತಾರೆ. ಮುಂದಿನ ತಿಂಗಳ ಚಟುವಟಿಕೆಗಳಿಗೆ ಬೇಕಾದ ಕುಶಲಕಲೆಯನ್ನು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಹೆಸರು ಏನಾದರೂ ಇರಲಿ, ಕ್ರಮ ಅನುಕರಣೀಯವಾದುದು. ಅದನ್ನು ಇಲ್ಲಿಗೆ ತರುವಾಗ ಒಂದು ಎಚ್ಚರ ಅಗತ್ಯ: ಈ ಕೂಟವು ವರದಿ ಒಪ್ಪಿಸುವ ಸಭೆಯಾಗಕೂಡದು. ಹಾಜರಾತಿ ಪುಸ್ತಕ, ಅಧ್ಯಕ್ಷ ಭಾಷಣ, ಹಾರ ತುರಾಯಿಗಳು ಒಮ್ಮೆ ಒಳಹೊಕ್ಕರೆ ಮಾಸ್ತರರ ಬಾಯಿ ಕಟ್ಟಿಹೋಗುತ್ತದೆ. ಮೇಲಧಿಕಾರಿಗಳು ಬರುವುದಾದರೆ ಕೊನೆಯ ಸಾಲಿನಲ್ಲಿ ಕುಳಿತು ಕೇಳಿಸಿಕೊಳ್ಳಲಿ.

ಕೈಯಲ್ಲಿ ದೂರವಾಣಿಯಿರುವ ಈ ಕಾಲದಲ್ಲಿ ಸಂದೇಶಗಳ ಗುಂಪುಗಳೇ ಸಾಲವೆ ಎಂದು ಕೇಳುವವರುಂಟು. ಗುಂಪುಗಳಲ್ಲಿ ಸುತ್ತೋಲೆ ಬರುತ್ತದೆ, ಮೇಳದ ಛಾಯಾಚಿತ್ರ ಬರುತ್ತದೆ. ‘ನನ್ನ ದಳದಲ್ಲಿ ಈಗ ಐದೇ ಮಕ್ಕಳು’ ಎಂದು ಇನ್ನೂರು ಜನರ ಕಣ್ಣ ಮುಂದೆ ಬರೆಯುವ ಧೈರ್ಯ ಯಾರಿಗಿದೆ? ಅದನ್ನು ಹೇಳಿಕೊಳ್ಳುವುದು ಎದುರು ಕುಳಿತವನಿಗೆ, ಚಹಾದ ಲೋಟ ಕೈಯಲ್ಲಿರುವಾಗ. ದೂರದ ಆಕ್ಷೇಪಣೆಯಾದರೋ ನಿಜವಾದುದೇ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿದವರು ಸಂಜೆ ಸಿಲ್ಕ್ ಬೋರ್ಡ್ ದಾಟಿ ಅರಮನೆ ರಸ್ತೆಯ ರಾಜ್ಯ ಕಚೇರಿಗೆ ಬರಬೇಕೆಂದರೆ ಅದು ಶಿಕ್ಷೆಯೇ ಸರಿ. ಮೆಟ್ರೋ ರೈಲು 2014ರಲ್ಲಿ ಪೀಣ್ಯಕ್ಕೂ, 2023ರಲ್ಲಿ ವೈಟ್‌ಫೀಲ್ಡಿಗೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಗೂ ಬಂದಿದ್ದರೂ ಮೂರು ದಿಕ್ಕಿನವರನ್ನು ತಿಂಗಳು ತಿಂಗಳೂ ನಗರದ ನಡುವಿಗೆ ಎಳೆಯುವುದು ವಿವೇಕವಲ್ಲ. ಪೀಣ್ಯದ್ದು ಪೀಣ್ಯದಲ್ಲಿ, ವೈಟ್‌ಫೀಲ್ಡಿನದು ವೈಟ್‌ಫೀಲ್ಡಿನಲ್ಲಿ ನಡೆಯಲಿ. ಎಂಟು ಹತ್ತು ಜನ ಬಂದರೂ ಸಾಕು. ಗೈಡ್ ಕ್ಯಾಪ್ಟನ್ನರು ಕತ್ತಲಾಗುವುದರೊಳಗೆ ಮನೆ ಸೇರುವಂತಿರಬೇಕು.

ಕೂಟದ ಅಗತ್ಯವನ್ನು ಎತ್ತಿಹಿಡಿಯುವ ಇನ್ನೊಂದು ಕಾರಣವಿದೆ; ಅದನ್ನು ಸಂಕೋಚದಿಂದ ಮುಚ್ಚಿಡುವುದು ಸಲ್ಲದು. ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯಗಳ ಮೊಕದ್ದಮೆಗಳ ಭಾರಕ್ಕೆ ಅಮೆರಿಕದ ಅದೇ ಸಂಸ್ಥೆಯು 2020ರಲ್ಲಿ ದಿವಾಳಿಯ ರಕ್ಷಣೆಯನ್ನು ಕೋರಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಪರಿಹಾರ ಕೇಳಿ ಬಂದವರ ಸಂಖ್ಯೆ 80 ಸಾವಿರವನ್ನು ಮೀರಿತು. ಮಾಸಿಕ ಕೂಟಗಳು ಅಲ್ಲಿ ಇದ್ದರೂ ಹೀಗಾಯಿತೆಂಬುದನ್ನು ಮರೆಯಲಾಗದು, ಕೂಟವೊಂದೇ ಕಾವಲಲ್ಲ. ಭಾರತದಲ್ಲಿ 2012ರ ಪೋಕ್ಸೋ ಕಾಯಿದೆಯಿದೆ. ಅದರ ಕಲಮುಗಳನ್ನು ಮಾಸ್ತರರಿಗೆ ಕುಳಿತು ವಿವರಿಸಿ ಹೇಳುವ ಸ್ಥಳ ಯಾವುದು? ಶಿವಗಂಗೆಗೋ ಸಾವನದುರ್ಗಕ್ಕೋ ಮಕ್ಕಳನ್ನು ಕರೆದೊಯ್ಯುವಾಗ ಒಬ್ಬರೇ ವಯಸ್ಕರು ಇರಬಾರದೆಂಬ ನಿಯಮವನ್ನು ಪಾಲಿಸಲು ಎರಡನೆಯವರನ್ನು ಎಲ್ಲಿಂದ ತರುವುದು? ಪಕ್ಕದ ದಳದ ನಾಯಕರ ಪರಿಚಯವಿದ್ದರೆ ಎರಡು ದಳಗಳು ಜೊತೆಗೂಡಿ ಹೊರಡಬಹುದು. ಯಾರ ಕಣ್ಣಿಗೂ ಬೀಳದೆ ಒಂಟಿಯಾಗಿ ದಳ ನಡೆಸುವ ವ್ಯಕ್ತಿ ಒಳ್ಳೆಯವನಾದರೆ ಬಳಲುತ್ತಾನೆ. ಕೆಟ್ಟವನಾದರೆ ಮಕ್ಕಳು ಬಳಲುತ್ತಾರೆ.

ಇದಕ್ಕೆ ತಗಲುವ ವೆಚ್ಚ ಅಲ್ಪ. ಬೆಂಚುಗಳಿರುವ ಒಂದು ಕೊಠಡಿ, ಚಹಾ, ಬಂದುಹೋಗುವ ಖರ್ಚು. ಸಮವಸ್ತ್ರಕ್ಕೂ ಡೇರೆಗೂ ಔದಾರ್ಯದಿಂದ ಕೊಡುವ ದಾನಿಗಳು ಇದಕ್ಕೆ ಕೈಚಾಚಲು ಹಿಂದೆಗೆಯುವುದುಂಟು. ಡೇರೆಯ ಮೇಲೆ ಹೆಸರು ಬರೆಯಿಸಬಹುದು, ಚಹಾದ ಮೇಲೆ ಬರೆಯಿಸಲಾಗದು. ಆಡಳಿತ ಮಂಡಲಿಗಳು ಮಾಡಬೇಕಾದದ್ದು ಇನ್ನೂ ಸುಲಭ: ತಿಂಗಳಿಗೊಂದು ಶನಿವಾರದ ಮಧ್ಯಾಹ್ನವನ್ನು ಕರ್ತವ್ಯದ ವೇಳೆಯೆಂದು ಎಣಿಸಿ ಆ ಉಪಾಧ್ಯಾಯರನ್ನು ಬಿಟ್ಟುಕೊಡುವುದು. ಕಾರ್ಖಾನೆಗಳಲ್ಲಿರುವ ಹಳೆಯ ವಿದ್ಯಾರ್ಥಿಗಳ ಪೈಕಿ ಬಾಲ್ಯದಲ್ಲಿ ಸ್ಕಾರ್ಫ್ ಕಟ್ಟಿದವರು ಸಾಕಷ್ಟು ಮಂದಿಯಿದ್ದಾರೆ. ಪ್ರಥಮ ಚಿಕಿತ್ಸೆಯನ್ನೋ ವಿದ್ಯುತ್ ಸುರಕ್ಷತೆಯನ್ನೋ ಬಲ್ಲ ಅಂಥವರೊಬ್ಬರು ಪ್ರತಿ ಕೂಟದಲ್ಲಿ ಅರ್ಧ ಗಂಟೆ ಹೇಳಿಕೊಡಲಿ. ಉಳಿದ ಒಂದೂವರೆ ಗಂಟೆಯನ್ನು ಮಾಸ್ತರರ ಮಾತಿಗೆ ಬಿಡಲಿ. ಜೂನ್ ತಿಂಗಳಲ್ಲಿ ಹೊಸ ಮಕ್ಕಳ ಹೆಸರು ಬರೆದುಕೊಳ್ಳುವುದಕ್ಕೆ ಮುಂಚೆಯೇ ಪೀಣ್ಯದಲ್ಲಿ ಮೊದಲ ಕೂಟ ನಡೆದರೆ, ಬೀರುವಿನಲ್ಲಿ ಸೀಟಿಯನ್ನಿಟ್ಟವರನ್ನೂ ಅದಕ್ಕೆ ಕರೆಯಬೇಕು.