ವಹಿಯಲ್ಲಿ ಬದುಕಿರುವ ಗಂಬೂಟು



ಕಚೇರಿಯವರು "ಇಲ್ಲ" ಅಂದರೆ ನಾವು ಜಗಳ ಮಾಡಬಹುದು, ಧರಣಿ ಕೂರಬಹುದು. "ಸ್ಟಾಕಿನಲ್ಲಿ ಇದೆ" ಅಂದರೆ ಏನು ಮಾಡೋದು? ಕೈಗೆ ಗ್ಲೌಸು ಬಂದಿಲ್ಲ, ಕಾಲಿಗೆ ಗಂಬೂಟು ಬಂದಿಲ್ಲ, ಆದರೆ ವಹಿಯಲ್ಲಿ ಎರಡೂ ಇವೆ. ನಮ್ಮ ಜನ ಹೆಚ್ಚಾಗಿ ಸೋತಿರೋದು ಈ "ಇದೆ" ಅನ್ನೋ ಮಾತಿನ ಮುಂದೆ.

ತುಮಕೂರು ಮಹಾನಗರ ಪಾಲಿಕೆ ಇರಲಿ, ಕುಣಿಗಲ್ ಪುರಸಭೆ ಇರಲಿ, ಗುಬ್ಬಿ ಪಟ್ಟಣ ಪಂಚಾಯಿತಿ ಇರಲಿ, ನಾವು ಮಲಗಿ ಏಳುವ ಹಾಸ್ಟೆಲೇ ಇರಲಿ, ಸಾರ್ವಜನಿಕ ದುಡ್ಡಿನಲ್ಲಿ ಕೊಂಡ ಸಾಮಾನಿಗೆಲ್ಲ ದಾಸ್ತಾನು ವಹಿ ಇರಬೇಕು. ಅದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ. ಹಿಂದಿನ ಶಿಲ್ಕು, ಬಂದದ್ದು, ಕೊಟ್ಟದ್ದು, ಉಳಿದದ್ದು. ವರ್ಷಕ್ಕೊಂದು ಸಲವಾದರೂ ಯಾರಾದರೂ ಹೋಗಿ ಸಾಮಾನನ್ನು ಕಣ್ಣಾರೆ ಕಂಡು, ಎಣಿಸಿ, ವಹಿಯ ಜೊತೆ ತಾಳೆ ನೋಡಬೇಕು. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 213ನೆಯದು ಹೇಳುವುದು ಇದನ್ನೇ. ನಮ್ಮ ರಾಜ್ಯದ ಕಚೇರಿಗಳಿಗೂ ಇದು ಹೊಸ ಮಾತಲ್ಲ.

"ಭೂಮಿ, ಕೂಲಿ, ಮಾನ ಎಲ್ಲ ಬಿಟ್ಟು ಪೊರಕೆ ಲೆಕ್ಕಕ್ಕೆ ಇಳಿದ್ರಾ? ಅದು ಗುಮಾಸ್ತರ ಕೆಲಸ ಕಣ್ರಯ್ಯಾ" ಅಂತ ನಮ್ಮಲ್ಲೇ ಕೆಲವರು ನಗುತ್ತಾರೆ. ನಗಲಿ. ಆದರೆ ಆ ಪೊರಕೆ ಯಾರ ಕೈಯಲ್ಲಿದೆ ಅಂತ ಒಂದು ಸಲ ನೋಡಿ ನಗಲಿ. ಹಾಸ್ಟೆಲಿನಲ್ಲಿ ಕೂತು ಬಿ.ಎ. ಓದುತ್ತಿರುವ ನಮ್ಮಲ್ಲಿ ಎಷ್ಟು ಜನರ ಅವ್ವಂದಿರು ಈ ಹೊತ್ತಿನಲ್ಲಿ ರಸ್ತೆ ಗುಡಿಸುತ್ತಿದ್ದಾರೆ?

1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ತಲೆ ಮೇಲೆ ಮಲ ಹೊರುವುದನ್ನು ಈ ರಾಜ್ಯದಲ್ಲಿ ನಿಲ್ಲಿಸಲು ಹೊರಟರು. ಇಡೀ ದೇಶಕ್ಕೆ ಗಟ್ಟಿ ಕಾಯಿದೆ ಬರಲು 2013ರವರೆಗೆ ಕಾಯಬೇಕಾಯಿತು. ಆ ಕಾಯಿದೆಯ ಜೊತೆ ಬಂದ ನಿಯಮಗಳನ್ನು ಓದಿ. ಮೊದಲ ಮಾತು, ಮನುಷ್ಯ ಒಳಚರಂಡಿಗೆ ಇಳಿಯಲೇಬಾರದು. ತೀರಾ ಅನಿವಾರ್ಯವಾದ ಕೆಲವೇ ಸಂದರ್ಭಗಳಲ್ಲಿ ಇಳಿಯಬೇಕಾದರೆ ಏನೇನು ಕೊಡಬೇಕು ಅಂತ 40ಕ್ಕೂ ಹೆಚ್ಚು ಸಾಮಾನಿನ ಪಟ್ಟಿ ಇದೆ. ವಿಷಗಾಳಿ ಅಳೆಯುವ ಯಂತ್ರ, ಗಾಳಿ ಊದುವ ಬ್ಲೋಯರ್, ಉಸಿರಾಟದ ಸಾಧನ, ನೈಲಾನ್ ಹಗ್ಗದ ಏಣಿ, ಸೊಂಟದ ಬೆಲ್ಟು, ತಲೆಗೆ ದೀಪ, ಮಳೆಯಂಗಿ, ಗಂಬೂಟು. ಆರು ತಿಂಗಳಿಗೊಮ್ಮೆ ಇವನ್ನೆಲ್ಲ ಪರೀಕ್ಷೆ ಮಾಡಬೇಕು, ಕೆಟ್ಟಿದ್ದರೆ ರಿಪೇರಿ ಮಾಡಿಸಬೇಕು, ಇಲ್ಲವೇ ಬೇರೆ ತರಬೇಕು ಅಂತಲೂ ಇದೆ.

ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹೆಣದ ಲೆಕ್ಕ ಇಷ್ಟು ಸ್ಪಷ್ಟವಾಗಿದೆ. ಬ್ಲೋಯರಿನ ಲೆಕ್ಕ ಎಲ್ಲಿದೆ ಸ್ವಾಮಿ?

ವಹಿಯಲ್ಲಿದೆ. ಅಸಲಿ ರೋಗ ಇರೋದೂ ಅಲ್ಲೇ. ಕಳ್ಳತನ ಒಂದೇ ಆಗಿದ್ದರೆ ಹಿಡಿಯುವುದು ಸುಲಭ. ಇಲ್ಲಿ ಸಾಮಾನು ಕೆಟ್ಟು ಎಷ್ಟೋ ಕಾಲವಾದರೂ ವಹಿಯಲ್ಲಿ ಸಾಯುವುದಿಲ್ಲ. ನಮ್ಮಲ್ಲಿ ಕೆಲವರು ಇದ್ದ ಒಂದು ಹಾಸ್ಟೆಲಿನಲ್ಲಿ ಕಾಲು ಮುರಿದ ಮಂಚಗಳು ಉಗ್ರಾಣದ ಸೂರಿನವರೆಗೂ ಪೇರಿಸಿ ಬಿದ್ದಿದ್ದವು, ಹುಡುಗರು ನೆಲದ ಮೇಲೆ ಮಲಗುತ್ತಿದ್ದರು. ವಹಿಯ ಪ್ರಕಾರ ಮಂಚ ಸಾಕಷ್ಟಿದ್ದವು. ಸಾಕಷ್ಟಿದ್ದ ಮೇಲೆ ಹೊಸದು ಕೇಳೋ ಹಾಗಿಲ್ಲ.

ವಾರ್ಡನ್ನನ್ನು ಬೈಯುವ ಮುಂಚೆ ಆತನ ಕಷ್ಟವನ್ನೂ ನೋಡಿ. ಎಷ್ಟೋ ಕಡೆ ಆತನೂ ನಮ್ಮವನೇ, ಎರಡು ಮೂರು ಹಾಸ್ಟೆಲಿನ ಚಾರ್ಜು ಹೊತ್ತವನು. ಹಿಂದಿನವರು ಬರೆದಿಟ್ಟ ಪಟ್ಟಿಗೆ ಎಣಿಸದೆ ಸಹಿ ಹಾಕಿ ಬಂದಿರುತ್ತಾನೆ. ಒಂದು ಸಾಮಾನನ್ನು ನಿರುಪಯುಕ್ತ ಅಂತ ಬರೆಯಬೇಕಾದರೆ ಮೇಲಿನವರ ಒಪ್ಪಿಗೆ ಬೇಕು, ಹರಾಜು ಬೇಕು, ಕಾಗದದ ಮೇಲೆ ಕಾಗದ. ಎಣಿಕೆಯಲ್ಲಿ ಕಡಿಮೆ ಬಂದರೆ ಆತನ ಸಂಬಳದಲ್ಲೇ ವಸೂಲಿ. ಅದಕ್ಕೆ ಮುರಿದದ್ದನ್ನು ಮುರಿದಿದೆ ಅನ್ನೋದಕ್ಕಿಂತ ಜೋಪಾನವಾಗಿ ಇಟ್ಟುಕೊಳ್ಳೋದೇ ಕ್ಷೇಮ. ಕೆಳಗಿನ ನೌಕರನ ಹೆದರಿಕೆಯ ಮೇಲೆ ನಿಂತ ಲೆಕ್ಕ ಇದು. ಇದನ್ನೇ ಚರಂಡಿಯ ಸಾಮಾನಿಗೆ ಹಚ್ಚಿ ನೋಡಿ. ಕೆಟ್ಟುಹೋದ ಗಾಳಿ ಯಂತ್ರ ಉಗ್ರಾಣದಲ್ಲಿ, "ಶಿಲ್ಕು 1" ವಹಿಯಲ್ಲಿ, ಮನುಷ್ಯ ಗುಂಡಿಯಲ್ಲಿ.

ಇನ್ನು "ಕೊಟ್ಟದ್ದು" ಅನ್ನೋ ಕಾಲಂ. ಅದಕ್ಕೆ ಸಾಕ್ಷಿ ಹೆಬ್ಬೆಟ್ಟು. ಓದು ಬಾರದ ನಮ್ಮವ್ವನ ಹೆಬ್ಬೆಟ್ಟಿನ ಪಕ್ಕದಲ್ಲಿ ಒಂದು ಜೊತೆ ಅಂತ ಬರೆದಿದೆಯೋ ನಾಲ್ಕು ಜೊತೆ ಅಂತ ಬರೆದಿದೆಯೋ ಓದಿ ಹೇಳುವವರು ಯಾರು? ಹೊರಗುತ್ತಿಗೆಯವರದ್ದು ಇನ್ನೂ ಚೆಂದ. ಅವರಿಗೆ ಕೊಡಬೇಕಾದ್ದು ಗುತ್ತಿಗೆದಾರನ ಪಾಲಿಗೆ ಬಿಟ್ಟರೆ ಕಚೇರಿಯ ವಹಿಯಲ್ಲಿ ಅವರ ಕೈಕಾಲಿನ ಸುಳಿವೇ ಇರುವುದಿಲ್ಲ.

ಎಣಿಸೋದು ಆಗದ ಕೆಲಸವೇನಲ್ಲ. ಕುಣಿಗಲ್ ಕುದುರೆ ಫಾರಂ ಟಿಪ್ಪು ಕಾಲದಿಂದ ಹೆಸರಾದದ್ದು. ರೇಸಿನ ಕುದುರೆ ಮರಿ ಹಾಕಿದರೆ ಅದರ ಅಪ್ಪ ಯಾರು, ಅಮ್ಮ ಯಾರು, ಮೈಮೇಲೆ ಮಚ್ಚೆ ಎಲ್ಲಿ, ಎಲ್ಲ ದಾಖಲೆಯಾಗುತ್ತದೆ. ವಂಶಾವಳಿ ಪುಸ್ತಕದಲ್ಲಿ ಇಲ್ಲದ ಕುದುರೆ ರೇಸಿಗೆ ಇಳಿಯುವಂತಿಲ್ಲ. ದುಡ್ಡಿರುವ ಕಡೆ ಲೆಕ್ಕ ತಾನಾಗಿ ಸರಿಯಾಗುತ್ತದೆ. ನಮ್ಮ ಗಂಬೂಟಿನ ಮೇಲೆ ಯಾರೂ ಬಾಜಿ ಕಟ್ಟಿಲ್ಲ, ಅಷ್ಟೆ.

ಕಂಪ್ಯೂಟರ್ ಬಂದಿದೆಯಲ್ಲ ಅಂತೀರಿ. ಬಂದಿದೆ. ಗ್ರಾಮ ಪಂಚಾಯಿತಿಗಳ ಲೆಕ್ಕಕ್ಕೆ ಪಂಚತಂತ್ರ ಅಂತಲೇ ತಂತ್ರಾಂಶ ಇದೆ. ಆದರೆ ಉಗ್ರಾಣದ ಬಾಗಿಲು ತೆಗೆದು ಒಳಗೆ ನೋಡುವ ಕಣ್ಣು ಅದಕ್ಕಿಲ್ಲ.

ನಾವು ಕೇಳುವುದು ಇಷ್ಟು. ವರ್ಷದ ಎಣಿಕೆ ಸಾಮಾನು ಬಳಸುವವರ ಎದುರಿಗೆ ನಡೆಯಲಿ. ಪೌರಕಾರ್ಮಿಕರು ಬೆಳಿಗ್ಗೆ ಹಾಜರಿಗೆ ನಿಲ್ಲುವ ಜಾಗದಲ್ಲೇ ವಿತರಣೆ ವಹಿಯನ್ನು ಗಟ್ಟಿಯಾಗಿ ಓದಲಿ. "ನನಗೆ ಬಂದಿಲ್ಲ" ಅಂದವರ ಮಾತನ್ನು ಅದೇ ಪುಟದಲ್ಲಿ ಬರೆಯಲಿ. ಹಾಸ್ಟೆಲಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಎಣಿಕೆಗೆ ಕೂರಲಿ. ಕೆಟ್ಟ ಸಾಮಾನನ್ನು ಕೆಟ್ಟಿದೆ ಅಂತ ಬರೆದ ನೌಕರನಿಗೆ ಶಿಕ್ಷೆ ಬೇಡ.

ಅವರು ತಾವಾಗಿ ಮಾಡುತ್ತಾರೆ ಅಂತ ಕಾಯುವುದು ಬೇಡ. 2005ರ ಮಾಹಿತಿ ಹಕ್ಕು ಕಾಯಿದೆ ವಹಿಯ ನಕಲು ಕೊಡಿಸುವುದಷ್ಟೇ ಅಲ್ಲ, ಅದರ 2ನೇ ಕಲಮಿನ ಪ್ರಕಾರ ನಾವೇ ಹೋಗಿ ಕಾಗದಪತ್ರ ನೋಡಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ಸಾಮಗ್ರಿಯ ಪ್ರಮಾಣೀಕೃತ ಮಾದರಿಯನ್ನೂ ಕೇಳಬಹುದು. ಅಂದರೆ ಗ್ಲೌಸನ್ನೇ ಕೇಳಬಹುದು! ಅರ್ಜಿಗೆ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರದ ಹಾಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬರಬೇಕು.

ತುಮಕೂರಿನವರು ಪಾಲಿಕೆಗೆ, ಗುಬ್ಬಿಯವರು ಪಟ್ಟಣ ಪಂಚಾಯಿತಿಗೆ, ಕುಣಿಗಲ್ಲಿನವರು ಪುರಸಭೆಗೆ ಹಾಕಿ. ಪದಕ್ಕೆ ತಡಕಾಡಬೇಡಿ, ಇದನ್ನೇ ಬರೆಯಿರಿ: "2013ರ ನಿಯಮಗಳ ಪಟ್ಟಿಯಲ್ಲಿರುವ ಸುರಕ್ಷಾ ಸಾಧನಗಳ ಪೈಕಿ ತಮ್ಮ ದಾಸ್ತಾನು ವಹಿಯಲ್ಲಿ ಇರುವುವು ಯಾವುವು, ಅವುಗಳಲ್ಲಿ ಕೆಲಸ ಮಾಡುತ್ತಿರುವುವು ಎಷ್ಟು, ಆರು ತಿಂಗಳ ಪರೀಕ್ಷೆ ಕೊನೆಯ ಸಲ ಯಾವ ದಿನ ನಡೆಯಿತು, ಸಹಿ ಹಾಕಿದವರು ಯಾರು." ಉತ್ತರ ಬಂದರೆ ಮುಂದಿನ ಮೀಟಿಂಗಿಗೆ ತನ್ನಿ, ಎಲ್ಲರೆದುರು ಓದೋಣ. ಬರದಿದ್ದರೆ ಅರ್ಜಿಯ ನಕಲನ್ನಾದರೂ ತನ್ನಿ.