ದೊಡ್ಡ ಎಸ್‌ಯುವಿ ಕೊಂಡರೆ ಹಿಂದಿನ ಸೀಟಿನಲ್ಲಿ ಕಾಲಿಗೆ ಜಾಗ ಸಿಕ್ಕೇ ಸಿಗುತ್ತದೆಯೇ?

ಮನೆಯಲ್ಲಿ ಆರಡಿ ಎತ್ತರದವರು ಇದ್ದರೆ ಕಣ್ಣು ಮುಚ್ಚಿಕೊಂಡು ದೊಡ್ಡ ಎಸ್‌ಯುವಿಯನ್ನೇ ಕೊಳ್ಳಿ, ಗಾಡಿ ಉದ್ದವಾದಷ್ಟೂ ಬೆಲೆ ಏರಿದಷ್ಟೂ ಹಿಂದೆ ಕೂರುವವರ ಕಾಲಿಗೆ ಜಾಗ ಹೆಚ್ಚು ಎಂಬ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತದೆ. ಜೊತೆಗೆ ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತವರ ಫೋಟೋ ಒಂದಿರುತ್ತದೆ. ಆ ಫೋಟೋದಲ್ಲಿ ಮುಂದಿನ ಸೀಟು ಎಲ್ಲಿಯವರೆಗೆ ಮುಂದಕ್ಕೆ ಸರಿದಿದೆ ಎಂದು ಯಾರೂ ನೋಡುವುದಿಲ್ಲ.

ಈ ಸಲಹೆಯಲ್ಲಿ ಅರ್ಧ ಮಾತ್ರ ನಿಜ. ಗಾಡಿಯ ಉದ್ದ ಬೇರೆ, ಒಳಗೆ ಕಾಲಿಗೆ ಸಿಗುವ ಜಾಗ ಬೇರೆ. ಜಾಗವಿದ್ದರೂ ಎತ್ತರದವರಿಗೆ ಅದು ಆರಾಮವಾಗಿಯೇ ಇರುತ್ತದೆ ಎನ್ನಲಾಗದು. ಬೆಂಗಳೂರಿನಿಂದ ಸಕಲೇಶಪುರ, ಆಲೂರಿನ ಕಡೆಯ ತೋಟಗಳಿಗೆ ಓಡಾಡುವ ಕುಟುಂಬಗಳಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಅಷ್ಟು ದೂರ ಮೊಣಕಾಲು ಮಡಿಸಿಕೊಂಡೇ ಕೂರುವುದು ಆರೋಗ್ಯದ ಪ್ರಶ್ನೆಯೂ ಹೌದು. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲು ದಾರಿಯ ಲೆಕ್ಕ. ಬೆಂಗಳೂರಿನಿಂದ ಸಕಲೇಶಪುರಕ್ಕೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಸುಮಾರು 220 ಕಿ.ಮೀ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ ದಾಟಿ ಆಲೂರಿನ ಪಕ್ಕದಿಂದ ಹೋಗುವ ಹೊತ್ತಿಗೆ, ಊಟ ತಿಂಡಿಗೆ ನಿಲ್ಲಿಸದಿದ್ದರೂ ನಾಲ್ಕು ಗಂಟೆಯ ಮಾತು. ಅಲ್ಲಿಂದ ಹೆತ್ತೂರು, ಯಸಳೂರು, ಹಾನಬಾಳು, ಕೆಂಚಮ್ಮನ ಹೊಸಕೋಟೆ ಕಡೆಗೆ ಒಳದಾರಿ. ಕೊನೆಯ ಒಂದೆರಡು ಕಿಲೋಮೀಟರ್ ಮಾತ್ರ ತೋಟದ ಕಲ್ಲುದಾರಿ. ಮಳೆಗಾಲದಲ್ಲಿ ಕೆಸರು, ನಡುನಡುವೆ ಹಳ್ಳ.

ಗಾಡಿ ಆಯ್ಕೆ ನಡೆಯುವುದು ಈ ಕೊನೆಯ ಎರಡು ಕಿಲೋಮೀಟರನ್ನು ಮನಸ್ಸಿನಲ್ಲಿಟ್ಟುಕೊಂಡು. ತಳ ನೆಲಕ್ಕೆ ತಾಗಬಾರದು, ನಾಲ್ಕೂ ಚಕ್ರ ಎಳೆಯಬೇಕು, ಚಾಸಿ ಗಟ್ಟಿಯಿರಬೇಕು. ಇವೆಲ್ಲ ನ್ಯಾಯವಾದ ಬೇಡಿಕೆಗಳೇ. ಆದರೆ ಹಿಂದಿನ ಸೀಟಿನಲ್ಲಿ ಕೂತವರು ಉಳಿದ ಇನ್ನೂರ ಹದಿನೆಂಟು ಕಿಲೋಮೀಟರನ್ನೂ ಅದೇ ಗಾಡಿಯಲ್ಲಿ ಕಳೆಯಬೇಕು. ಈ ಎರಡು ಬೇಡಿಕೆಗಳು ಒಂದಕ್ಕೊಂದು ಎದುರಾಗುವುದು ಎಲ್ಲಿ ಎಂಬುದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಎದುರಾಗುವುದು ಗಾಡಿಯ ನೆಲದಲ್ಲಿ. ಲಾರಿಗಳಿಗೆ ಇರುವಂತೆ ಕೆಳಗೆ ಏಣಿಯಾಕಾರದ ಉಕ್ಕಿನ ಚೌಕಟ್ಟು ಇಟ್ಟು, ಅದರ ಮೇಲೆ ಬಾಡಿ ಕೂರಿಸಿದ ಎಸ್‌ಯುವಿಗಳಿವೆ. ಕಲ್ಲುದಾರಿಗೆ ಇವು ಗಟ್ಟಿ. ಆದರೆ ಆ ಚೌಕಟ್ಟಿನ ದಪ್ಪದಷ್ಟು ಒಳಗಿನ ನೆಲ ಮೇಲೇಳುತ್ತದೆ. ಚಾವಣಿಯನ್ನು ಅದೇ ಲೆಕ್ಕದಲ್ಲಿ ಏರಿಸುತ್ತಾ ಹೋಗಲು ಬರುವುದಿಲ್ಲ. ಎತ್ತರ ಹೆಚ್ಚಾದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಹಾಗಾಗಿ ಸೀಟಿಗೂ ನೆಲಕ್ಕೂ ನಡುವಿನ ಅಂತರ ಕಡಿಮೆಯಾಗುತ್ತದೆ. ಮಣೆಯ ಮೇಲೆ ಕೂತ ಹಾಗೆ. ಗಿಡ್ಡನೆಯವರಿಗೆ ಇದು ಗೊತ್ತೇ ಆಗುವುದಿಲ್ಲ. ಉದ್ದ ಕಾಲಿನವರ ಮೊಣಕಾಲು ಮಾತ್ರ ಸೊಂಟಕ್ಕಿಂತ ಮೇಲೆ ನಿಲ್ಲುತ್ತದೆ.

ಮೊಣಕಾಲು ಮೇಲೆದ್ದರೆ ತೊಡೆ ಸೀಟಿನಿಂದ ಬಿಟ್ಟುಕೊಳ್ಳುತ್ತದೆ. ತೊಡೆ ಹೊರಬೇಕಾದ ಭಾರವೂ ಕುಂಡಿಯ ಮೂಳೆಗಳ ಮೇಲೇ ಬೀಳುತ್ತದೆ. ಸೊಂಟ ಹಿಂದಕ್ಕೆ ಹೊರಳುತ್ತದೆ, ಬೆನ್ನಿನ ಕೆಳಭಾಗದ ಸಹಜ ಬಾಗು ಚಪ್ಪಟೆಯಾಗುತ್ತದೆ. ದೋಣಿಗಲ್ ದಾಟಿ ಶಿರಾಡಿ ಘಾಟಿಯ ತಿರುವುಗಳು ಶುರುವಾದರೆ ಇನ್ನೊಂದು ತೊಂದರೆ: ತೊಡೆ ಸೀಟಿಗೆ ಒತ್ತಿಕೊಂಡಿದ್ದರೆ ಮೈ ಅಷ್ಟು ಸುಲಭಕ್ಕೆ ಜಾರುವುದಿಲ್ಲ, ಗಾಳಿಯಲ್ಲಿದ್ದರೆ ಪ್ರತಿ ತಿರುವಿನಲ್ಲೂ ಬಾಗಿಲಿನ ಹಿಡಿಯನ್ನು ಹಿಡಿದುಕೊಂಡೇ ಕೂರಬೇಕು. ಮೊಣಕಾಲಿನ ಮುಂದೆ ನಾಲ್ಕು ಬೆರಳು ಜಾಗ ಇದ್ದರೂ ಇಳಿದಾಗ ಬೆನ್ನು ನೋಯುವುದಕ್ಕೆ ಇದೇ ಕಾರಣ.

ಬ್ಯಾಟರಿ ಗಾಡಿಗಳಲ್ಲೂ ಈ ತೊಂದರೆ ಇರಬಹುದು ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಅಲ್ಲಿ ಚೌಕಟ್ಟಿನ ಬದಲು ನೆಲದ ಕೆಳಗೆ ಬ್ಯಾಟರಿ ಹಾಸಿರುತ್ತದೆ. ಮೊಣಕಾಲಿನ ಮುಂದೆ ಧಾರಾಳ ಜಾಗ, ಆದರೆ ನೆಲ ಎತ್ತರ.

ಇನ್ನು ಉದ್ದದ ವಿಚಾರ. ಕಾಲಿನ ಜಾಗಕ್ಕೆ ಹೆಚ್ಚು ಹತ್ತಿರದ ಅಳತೆ ಎಂದರೆ ವೀಲ್‌ಬೇಸ್, ಅಂದರೆ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ದೂರ. ನಮ್ಮ ರಸ್ತೆಗಳಲ್ಲಿ ದಿನಾ ಕಾಣುವ ಎರಡು ಗಾಡಿಗಳನ್ನೇ ತೆಗೆದುಕೊಳ್ಳಿ. ಟೊಯೊಟಾ ಫಾರ್ಚೂನರ್ ಉದ್ದ 4795 ಮಿ.ಮೀ., ಇನ್ನೋವಾ ಹೈಕ್ರಾಸ್ 4755. ಫಾರ್ಚೂನರೇ 40 ಮಿ.ಮೀ. ಉದ್ದ. ಆದರೆ ವೀಲ್‌ಬೇಸ್ ನೋಡಿದರೆ ಫಾರ್ಚೂನರ್ 2745, ಹೈಕ್ರಾಸ್ 2850. ಅಂದರೆ ಹೈಕ್ರಾಸ್ 105 ಮಿ.ಮೀ. ಮುಂದಿದೆ, ನಾಲ್ಕು ಅಂಗುಲಕ್ಕೂ ಸ್ವಲ್ಪ ಹೆಚ್ಚು. ಹೈಕ್ರಾಸ್‌ನ ಎಂಜಿನ್ ಅಡ್ಡಡ್ಡ ಕೂತಿದೆ, ಮೂತಿ ಗಿಡ್ಡ, ಕೆಳಗೆ ಏಣಿ ಚೌಕಟ್ಟಿಲ್ಲ. ಫಾರ್ಚೂನರ್‌ನ ಎಂಜಿನ್ ಉದ್ದುದ್ದ ಕೂತಿದೆ, ಕೆಳಗೆ ಚೌಕಟ್ಟಿದೆ. ಕೆಸರಿನಿಂದ ಎದ್ದು ಬರುವುದರಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಹಿಂದೆ ಕೂತ ಆರಡಿ ಮನುಷ್ಯನನ್ನು ಕೇಳಿದರೆ ಉತ್ತರ ಬೇರೆ.

ಕೋಟಿ ರೂಪಾಯಿ ಆಸುಪಾಸಿನ ಗಾಡಿಗಳಲ್ಲೂ ಇದೇ ಕತೆ. ಲ್ಯಾಂಡ್ ರೋವರ್ ಡಿಫೆಂಡರ್ 110 ಮತ್ತು 130 ಎಂಬ ಎರಡು ರೂಪಗಳಲ್ಲಿ 130 ಬರೋಬ್ಬರಿ 340 ಮಿ.ಮೀ. ಉದ್ದ. ಆದರೆ ಎರಡರದ್ದೂ ವೀಲ್‌ಬೇಸ್ ಒಂದೇ, 3022 ಮಿ.ಮೀ. ಹೆಚ್ಚಿನ ಉದ್ದವೆಲ್ಲ ಹಿಂದಿನ ಚಕ್ರದ ಆಚೆಗೆ ಹೋಗಿ ಮೂರನೇ ಸಾಲಿಗೆ ಮತ್ತು ಸಾಮಾನಿಗೆ ಸಿಕ್ಕಿದೆ. ಅದೇ ಕಂಪನಿಯ ರೇಂಜ್ ರೋವರ್‌ನಲ್ಲಿ ವೀಲ್‌ಬೇಸನ್ನೇ 2997ರಿಂದ 3197ಕ್ಕೆ ಹಿಗ್ಗಿಸಿದ ರೂಪವಿದೆ. ಆ 200 ಮಿ.ಮೀ. ಹಿಂದಿನ ಸೀಟಿನವರಿಗೆಂದೇ ಕೊಟ್ಟದ್ದು. ಎರಡೂ ಕಡೆ ಗಾಡಿಯನ್ನು ಉದ್ದ ಮಾಡಲಾಗಿದೆ. ಮೊಣಕಾಲಿಗೆ ದಕ್ಕಿದ್ದು ಒಂದೇ ಕಡೆ. ಜಾಹೀರಾತಿನಲ್ಲಿ ಉದ್ದ ಎಂಬ ಪದ ಕಂಡರೆ ಯಾವ ಉದ್ದ ಎಂದು ಕೇಳಿ.

ಹಾಗಾದರೆ ಲೆಗ್‌ರೂಂ ಎಂದು ಬರೆದಿರುವ ಸಂಖ್ಯೆಯನ್ನೇ ನೋಡಿದರಾಯಿತಲ್ಲ ಎನ್ನಬಹುದು. ನಮ್ಮಲ್ಲಿ ಸಿಗುವ ಎಷ್ಟೋ ಬ್ರೋಷರ್‌ಗಳಲ್ಲಿ ಆ ಸಂಖ್ಯೆಯೇ ಇರುವುದಿಲ್ಲ. ಅಮೆರಿಕದ ಪಟ್ಟಿಗಳಲ್ಲಿರುತ್ತದೆ, ಫಾರ್ವರ್ಡ್‌ಗಳಿಗೆ ಬರುವುದೂ ಅಲ್ಲಿಂದಲೇ. ಅದನ್ನು ಅಳೆಯುವ ಕ್ರಮ ತಿಳಿದರೆ ಅದರ ಮೇಲಿನ ನಂಬಿಕೆ ಸ್ವಲ್ಪ ಇಳಿಯುತ್ತದೆ. ಮನುಷ್ಯಾಕಾರದ ಬೊಂಬೆಯೊಂದನ್ನು ಸೀಟಿನಲ್ಲಿ ಕೂರಿಸುತ್ತಾರೆ. ಅದರ ಸೊಂಟದ ಕೀಲಿನಿಂದ ಕಾಲಿನ ಹರಡಿನವರೆಗೆ ನೇರ ಗೆರೆ ಹಾಕಿ ಅಳೆದು, ಪಾದದ ಲೆಕ್ಕಕ್ಕೆ 254 ಮಿ.ಮೀ. ಸೇರಿಸುತ್ತಾರೆ. ಆಗ ಮುಂದಿನ ಸೀಟು ಕಂಪನಿ ಗೊತ್ತುಮಾಡಿದ ಜಾಗದಲ್ಲಿರುತ್ತದೆ. ಮೊಣಕಾಲು ಎಷ್ಟು ಮೇಲೆದ್ದಿದೆ, ತೊಡೆಗೆ ಆಸರೆ ಇದೆಯೇ ಎಂಬುದನ್ನು ಈ ಸಂಖ್ಯೆ ಹೇಳುವುದಿಲ್ಲ. ನಿಮ್ಮ ಗಾಡಿಯ ಮುಂದಿನ ಸೀಟಿನಲ್ಲಿ ಕೂರುವವರು ಎಷ್ಟು ಎತ್ತರ ಎಂಬುದಂತೂ ಅದಕ್ಕೆ ಗೊತ್ತೇ ಇಲ್ಲ.

ಈ ಕೊನೆಯದು ಮನೆಮನೆಯ ಪ್ರಶ್ನೆ. ಎತ್ತರ ಸಾಮಾನ್ಯವಾಗಿ ಮನೆತನದಲ್ಲೇ ಬರುತ್ತದೆ. ಮಗ ಆರಡಿ ಇದ್ದರೆ ಅಪ್ಪನೋ ಚಿಕ್ಕಪ್ಪನೋ ಅಷ್ಟೇ ಇರುತ್ತಾರೆ. ಎತ್ತರದವರು ಸ್ಟೀರಿಂಗ್ ಹಿಡಿದರೆ ಸೀಟು ಹಿಂದಕ್ಕೆ ಸರಿಯುತ್ತದೆ, ಹಿಂದೆ ಕೂತವರ ಜಾಗ ಅಷ್ಟು ಕರಗುತ್ತದೆ. ದುಬಾರಿ ಗಾಡಿಗಳಲ್ಲಿ ಮುಂದಿನ ಸೀಟನ್ನು ಹಿಂದಿನಿಂದಲೇ ಮುಂದಕ್ಕೆ ತಳ್ಳುವ ಗುಂಡಿ ಇರುತ್ತದಲ್ಲ, ಅದು ಸಾಮಾನ್ಯವಾಗಿ ಎಡಗಡೆಯ ಸೀಟಿಗೆ ಮಾತ್ರ. ಅಲ್ಲಿ ಯಾರೂ ಕೂರದಿದ್ದರೆ ಅದು ಉಪಯೋಗಕ್ಕೆ ಬರುತ್ತದೆ. ಐದು ಜನ ಹೊರಟರೆ ಇಲ್ಲ.

ಸನ್‌ರೂಫ್ ಬಗ್ಗೆಯೂ ಒಂದು ಮಾತು. ಇಡೀ ಚಾವಣಿಗೆ ಗಾಜು ಹಾಕಿಸಿಕೊಂಡರೆ ಅದರ ಚೌಕಟ್ಟು, ಪರದೆ ಎಲ್ಲ ಸೇರಿ ತಲೆಯ ಮೇಲಿನ ಜಾಗದಲ್ಲಿ ಒಂದೆರಡು ಅಂಗುಲ ಕಡಿಮೆಯಾಗಬಹುದು. ತಲೆ ತಾಗುವ ಮನುಷ್ಯ ಏನು ಮಾಡುತ್ತಾನೆ? ಸೊಂಟವನ್ನು ಮುಂದಕ್ಕೆ ಜಾರಿಸಿ ಕೂರುತ್ತಾನೆ. ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ. ಮೇಲೆ ಕಳೆದುಕೊಂಡ ಜಾಗಕ್ಕೆ ಕೆಳಗೆ ದಂಡ ಕಟ್ಟಿದಂತೆ. ಸಕಲೇಶಪುರದ ಮಂಜು ನೋಡಲು ಗಾಜಿನ ಚಾವಣಿ ಚೆಂದವೇ, ಆದರೆ ಎತ್ತರದವರು ಆ ರೂಪದಲ್ಲೇ ಕೂತು ನೋಡಿ ತೀರ್ಮಾನಿಸಬೇಕು.

ಈಗ ಆರೋಗ್ಯದ ಭಾಗಕ್ಕೆ ಬರೋಣ. ಅಲುಗಾಡದೆ ಗಂಟೆಗಟ್ಟಲೆ ಕೂತರೆ ಕಾಲಿನ ಒಳಗಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಬಹುದು, ಅದು ವಿಮಾನದಲ್ಲಿ ಮಾತ್ರ ಆಗುತ್ತದೆ ಎಂಬ ಮಾತು ಬಹಳ ಕಾಲದಿಂದ ಚಾಲ್ತಿಯಲ್ಲಿದೆ. ಮೊದಲರ್ಧ ಸರಿ, ಎರಡನೆಯದು ತಪ್ಪು. 2006ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ದೊಡ್ಡ ಅಧ್ಯಯನವೊಂದು ನಾಲ್ಕು ಗಂಟೆಗೂ ಹೆಚ್ಚಿನ ಪ್ರಯಾಣ ಈ ಅಪಾಯವನ್ನು ಸುಮಾರು ಎರಡು ಪಟ್ಟು ಮಾಡುತ್ತದೆ ಎಂದು ಕಂಡುಕೊಂಡಿತು. ಕಾರು, ಬಸ್ಸು, ರೈಲಿನಲ್ಲೂ ಅಪಾಯ ವಿಮಾನದಷ್ಟೇ ಇತ್ತು. 190 ಸೆಂ.ಮೀ.ಗಿಂತ, ಅಂದರೆ ಸುಮಾರು ಆರಡಿ ಮೂರಂಗುಲಕ್ಕಿಂತ ಎತ್ತರದವರಲ್ಲಿ ಅದು ಇನ್ನೂ ಹೆಚ್ಚಿತ್ತು. ಬೊಜ್ಜು ಇದ್ದವರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಮಹಿಳೆಯರಲ್ಲಿಯೂ ಹಾಗೆಯೇ. ಸ್ವೀಡನ್ನಿನ ಒಡಹುಟ್ಟಿದವರನ್ನು ಹೋಲಿಸಿದ 2017ರ ಅಧ್ಯಯನವೂ, ಪ್ರಯಾಣದ ಮಾತು ಬದಿಗಿಟ್ಟರೂ, ಎತ್ತರ ಹೆಚ್ಚಿದಂತೆ ಹೆಪ್ಪುಗಟ್ಟುವ ಅಪಾಯ ಹೆಚ್ಚುವುದನ್ನು ತೋರಿಸಿತು. ಉದ್ದ ಕಾಲಿನಲ್ಲಿ ರಕ್ತನಾಳವೂ ಉದ್ದ; ಹೃದಯದವರೆಗೆ ರಕ್ತ ಮೇಲೇರಬೇಕಾದ ದೂರ ಹೆಚ್ಚು ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ.

ಇದನ್ನು ಓದಿ ಹೆದರಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಆರೋಗ್ಯವಂತರಿಗೆ ಇದು ಆಗುವ ಸಾಧ್ಯತೆ ಸುಮಾರು ಆರು ಸಾವಿರಕ್ಕೆ ಒಂದು. ಚಿಕ್ಕ ಅಪಾಯವೇ. ಆದರೆ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರಿಗೆ, ಹಿಂದೊಮ್ಮೆ ಹೆಪ್ಪುಗಟ್ಟಿದ್ದವರಿಗೆ, ಗರ್ಭಿಣಿಯರಿಗೆ, ಬಾಣಂತಿಯರಿಗೆ ಅಷ್ಟು ಚಿಕ್ಕದಲ್ಲ. ಕಾಲಿನ ಮಾಂಸಖಂಡ ಬಿಗಿಯಾಗಿ ಸಡಿಲವಾಗುವಾಗ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಪಾದ ಅಲ್ಲಾಡಿಸಲೂ ಜಾಗವಿಲ್ಲದೆ ಸಿಕ್ಕಿಹಾಕಿಕೊಂಡ ಕಾಲಿಗೆ ಈ ಅವಕಾಶವೇ ಇರುವುದಿಲ್ಲ. ಮುಂದಿನ ಸೀಟಿನ ಕೆಳಗೆ ಪಾದ ತೂರಿಸಲು ಜಾಗ ಇರಬೇಕು ಎನ್ನುವುದು ಬರೀ ಐಷಾರಾಮದ ಮಾತಲ್ಲ. ಎರಡು ಗಂಟೆಗೊಮ್ಮೆ ಇಳಿದು ನಡೆಯಿರಿ. ಹಾಸನದಲ್ಲಿ ಕಾಫಿಗೆ ನಿಂತರೂ ಸಾಕು. ಪ್ರಯಾಣಕ್ಕೆ ಮುಂಚೆ ಆಸ್ಪಿರಿನ್ ನುಂಗಿ ಎಂಬ ಫಾರ್ವರ್ಡ್ ಬಂದರೆ ಮುಂದಕ್ಕೆ ಕಳಿಸಬೇಡಿ, ವೈದ್ಯರ ಮಾರ್ಗಸೂಚಿಗಳು ಅದನ್ನು ಎಲ್ಲರಿಗೂ ಹೇಳುವುದಿಲ್ಲ. ಪ್ರಯಾಣದ ನಂತರ ಒಂದೇ ಕಾಲು ಊದಿಕೊಂಡು ಮೀನಖಂಡ ನೋಯುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ಜಾಗ ಸಾಲದವರು ಮಾಡುವ ಇನ್ನೊಂದು ಉಪಾಯ ಸೀಟಿನ ಬೆನ್ನನ್ನು ಪೂರ್ತಿ ಹಿಂದಕ್ಕೆ ಮಲಗಿಸಿ ಜಾರಿ ಕೂರುವುದು. ಆಗ ಬೆಲ್ಟಿನ ಕೆಳಪಟ್ಟಿ ಸೊಂಟದ ಮೂಳೆ ಬಿಟ್ಟು ಮೆತ್ತನೆಯ ಹೊಟ್ಟೆಯ ಮೇಲೆ ಬರುತ್ತದೆ. ಅಪಘಾತವಾದರೆ ಮೈ ಬೆಲ್ಟಿನ ಕೆಳಗಿನಿಂದ ಜಾರಿ ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಎತ್ತರ ಸರಿಮಾಡಲು ದಿಂಬು ಹಾಕಿಕೊಂಡು ಕೂತರೂ ಇದೇ ಅಪಾಯ. ಹಿಂದೆ ಬೆಲ್ಟನ್ನೇ ಹಾಕದಿರುವುದು ಇನ್ನೂ ಕೆಟ್ಟದ್ದು: 2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಕೂತಿದ್ದದ್ದು ದುಬಾರಿ ಗಾಡಿಯ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ ಎಂದು ಪೊಲೀಸರು ಹೇಳಿದ್ದರು.

ಶೋರೂಮಿಗೆ ಹೋಗುವ ಮುನ್ನ ಮನೆಯಲ್ಲಿ ಒಂದು ಕೆಲಸ ಮಾಡಿ. ಮನೆಯ ಅತಿ ಎತ್ತರದವರನ್ನು ಗೋಡೆಗೆ ಬೆನ್ನು ಕೊಟ್ಟು ಸ್ಟೂಲಿನ ಮೇಲೆ ಕೂರಿಸಿ, ಗೋಡೆಯಿಂದ ಮೊಣಕಾಲಿನ ತುದಿಯವರೆಗೆ ಟೇಪು ಹಿಡಿದು ಅಳೆಯಿರಿ. ನೆಲದಿಂದ ಮೊಣಕಾಲಿನ ಹಿಂಬದಿಯ ಮಡಿಕೆಯವರೆಗೆ ಇನ್ನೊಂದು ಅಳತೆ. ಈ ಎರಡನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ಅದೇ ಟೇಪಿನೊಂದಿಗೆ ಹೋಗಿ. ಮುಂದಿನ ಸೀಟನ್ನು ನಿಮ್ಮ ಮನೆಯಲ್ಲಿ ಗಾಡಿ ಓಡಿಸುವವರಿಗೆ ಹೊಂದಿಸಿ, ಆಮೇಲೆ ಹಿಂದೆ ಕೂತು ನೋಡಿ. ಓಡಿಸುವವರೂ ಎತ್ತರದವರೂ ಒಬ್ಬರೇ ಆಗಿದ್ದರೆ ತಮ್ಮ ಹಿಂದೆ ತಾವೇ ಕೂರಬೇಕು. ಹಿಂದಿನ ಸೀಟಿನ ಬೆನ್ನಿನಿಂದ ಮುಂದಿನ ಸೀಟಿನವರೆಗಿನ ದೂರ ಮೊದಲ ಅಳತೆಗಿಂತ ನಾಲ್ಕು ಬೆರಳಾದರೂ ಹೆಚ್ಚಿರಲಿ. ನೆಲದಿಂದ ಸೀಟಿನ ಅಂಚಿನ ಎತ್ತರ ಎರಡನೇ ಅಳತೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. ತೊಡೆಯ ಕೆಳಗೆ ಅಂಗೈ ಸಲೀಸಾಗಿ ಹೋಗುತ್ತಿದ್ದರೆ ಆಸರೆ ಸಾಲದು ಎಂದರ್ಥ. ಏಳು ಸೀಟಿನ ಗಾಡಿಯಾದರೆ ಮೂರನೇ ಸಾಲಿನಲ್ಲೂ ಒಬ್ಬರನ್ನು ಕೂರಿಸಿಯೇ ಎರಡನೇ ಸಾಲನ್ನು ಅಳೆಯಿರಿ, ಏಕೆಂದರೆ ಅಲ್ಲಿ ಸೀಟು ಹಿಂದೆ ಮುಂದೆ ಸರಿಯುತ್ತದೆ, ಶೋರೂಮಿನಲ್ಲಿ ಅದು ಯಾವಾಗಲೂ ಪೂರ್ತಿ ಹಿಂದಕ್ಕೇ ಇರುತ್ತದೆ. ತಲೆಗೆ ಆಸರೆಯ ದಿಂಬು ಮೇಲಕ್ಕೆಳೆದರೆ ತಲೆಯ ಎತ್ತರಕ್ಕೆ ಬರುತ್ತದೆಯೇ ಎಂದೂ ನೋಡಿ, ಹಿಂದಿನಿಂದ ಯಾರಾದರೂ ಗುದ್ದಿದರೆ ಕುತ್ತಿಗೆ ಕಾಯುವುದು ಅದೇ. ಐದು ನಿಮಿಷ ಕೂತು ಎದ್ದು ಬರಬೇಡಿ. ಟೆಸ್ಟ್ ಡ್ರೈವ್‌ನಲ್ಲಿ ಎತ್ತರದವರು ಅರ್ಧ ಗಂಟೆ ಹಿಂದೆಯೇ ಕೂರಲಿ, ಸ್ಟೀರಿಂಗ್ ಬೇರೆಯವರ ಕೈಗೆ ಕೊಡಿ.

ಗಾಡಿ ಈಗಾಗಲೇ ಮನೆಗೆ ಬಂದಿದ್ದರೆ ಮುಂದಿನ ಎಡ ಸೀಟು ಎತ್ತರದವರಿಗೆ, ಅವರ ಹಿಂದಿನ ಜಾಗ ಮನೆಯಲ್ಲಿ ಎಲ್ಲರಿಗಿಂತ ಗಿಡ್ಡಗಿರುವವರಿಗೆ.