ಮಂಚದ ಅಳತೆ ಕೊಡೆಕ್ಕಾದ್ದು ಆರು?

ಮೊನ್ನೆ ಒಂದು ಒಕ್ಕಲಿಂಗೆ ಹೋಗಿತ್ತಿದ್ದೆಯೊ. ಊಟ ಆದ ಮತ್ತೆ ಮನೆಯವು ಎಲ್ಲೋರನ್ನೂ ಒಳ ದಿನಿಗೇಳಿ ಹೊಸ ಮಂಚ ತೋರ್ಸಿದವು. ಹಲಸಿನ ಮರದ್ದು, ಎರಡಿಂಚು ದಪ್ಪದ ಇಡೀ ಹಲಗೆ, ಅಡಿಲಿ ಪೂರಾ ಪೆಟ್ಟಿಗೆ. ಗೆಂಡುಮಕ್ಕೊ ಬೆರಳಿಲ್ಲಿ ಕುಟ್ಟಿ ನೋಡಿ, "ಇದು ಮೂರು ತಲೆಮಾರಿಂಗೆ ಸಾಕು" ಹೇಳಿ ಹೊಗಳಿದವು. ಆ ಮನೆಯ ಅತ್ತಿಗೆ ಬಾಗಿಲ ಹತ್ತರೆ ನಿಂದೊಂಡು ಎನ್ನತ್ರೆ ಮೆಲ್ಲಂಗೆ ಕೇಳಿತ್ತು: "ಇದರ ಅಡಿ ಉಡುಗುದು ಹೇಂಗೆ ಅಕ್ಕಾ?"

ಮರ ಮಿಲ್ಲಿಂಗೆ ಹೋಪ ಮದಲೇ ಕೇಳೆಕ್ಕಾದ ಪ್ರಶ್ನೆ ಅದು. ಆರೂ ಕೇಳಿದ್ದವಿಲ್ಲೆ.

ಆನು ಮರದ ಮಂಚದ ವಿರೋಧಿ ಅಲ್ಲ. ಮರದ ಹೊಡಿಯ ಅಂಟುಸಿ ಮಾಡಿದ ಅಂಗಡಿ ಮಂಚ ಎಂಗಳ ಆಟಿ ತಿಂಗಳ ಥಂಡಿಗೆ ಉಬ್ಬಿ, ಸ್ಕ್ರೂ ಹಿಡಿತ ಬಿಡುದರ ನಿಂಗಳೂ ಕಂಡಿಪ್ಪಿ. ಮಂಚ ಮರದ್ದೇ ಆಯೆಕ್ಕು. ಎನ್ನ ತಕರಾರು ದಪ್ಪದ ಮೇಲಾಣ ಮೋಹಕ್ಕೆ. ಹೆಮ್ಮೆ ಗೆಂಡುಮಕ್ಕೊಗೆ, ಭಾರ ಹೆಮ್ಮಕ್ಕಳ ಸೊಂಟಕ್ಕೆ.

ಲೆಕ್ಕ ಹಾಕಿ ನೋಡಿ. ಆರೂವರೆ ಅಡಿ ಉದ್ದ, 5 ಅಡಿ ಅಗಲ, 2 ಇಂಚು ದಪ್ಪ ಹೇಳಿರೆ ಐದೂವರೆ ಘನ ಅಡಿ ಹತ್ತರೆ ಆತು. ಒಣಗಿದ ಹಲಸು ಘನ ಅಡಿಗೆ ಹೆಚ್ಚುಕಮ್ಮಿ 17 ಕಿಲೋ ತೂಗುತ್ತು. ಮೇಗಾಣ ಹಲಗೆ ಒಂದೇ 90 ಕಿಲೋ! ಕಾಲು, ತಲೆಹೊಡೆ, ಪೆಟ್ಟಿಗೆ, ಹಾಸಿಗೆ ಬೇರೆ. ಇದರ ಹಂದುಸುದು ಆರು?

ಎಂಗಳ ಮನೆಲಿಯೂ ಹಾಂಗಿಪ್ಪದೇ ಒಂದು ಇತ್ತಿದ್ದು. ಅತ್ತೆ ಬಿದ್ದು ತೊಡೆ ಎಲುಬು ಮುರುದು 3 ತಿಂಗಳು ಮನುಗಿದಲ್ಲೇ ಇತ್ತಿದ್ದವು. ತಿರುಗುಸಿ ಮನುಶುಲೆ, ಬೆನ್ನು ಉದ್ದುಲೆ ಎರಡು ಹೊಡೆಲಿ ಎರಡು ಜೆನ ನಿಲ್ಲೆಕ್ಕು. ಮಂಚ ಗೋಡೆಗೆ ತಾಗಿಗೊಂಡು, ಹಂದುತ್ತಿಲ್ಲೆ. ಅಡಿಲಿ ಪೆಟ್ಟಿಗೆ ಆದ ಕಾರಣ ಬಗ್ಗುವಗ ಪಾದ ಒಳ ಹೋವ್ತಿಲ್ಲೆ. ದೂರ ನಿಂದು ಬಗ್ಗೆಕ್ಕು. ಬೆಡ್‌ಪ್ಯಾನ್ ಮಡುಗುಲೂ ಜಾಗೆ ಇಲ್ಲೆ. ಅಖೇರಿಗೆ ತೋಟದ ಕೆಲಸದ ನಾಲ್ಕು ಜೆನರ ದಿನಿಗೇಳಿ ಎಳದು ತಂದೆಯೊ. ಗೋಡೆ ಹೊಡೆಲಿ ಇಡೀ ಬೂಸರು, ನೆಲಲ್ಲಿ ಕುಟ್ಟೆ ಕೊರದ ಹೊಡಿಯ ರಾಶಿ. ಅತ್ತೆ ಅದರ ನೋಡಿ, "ಆನೊಂದು ಎದ್ದು ನಡೆತ್ತ ಹಾಂಗಾಗಲಿ, ಇದರ ಒಡದು ಬೆಶಿನೀರ ಒಲಗೆ ಹಾಕುಲಕ್ಕು" ಹೇಳಿದವು. ಅತ್ತೆ ನಡದವು. ಎನ್ನ ಸೊಂಟನೋವು ಈಗಳೂ ಇದ್ದು.

ದಪ್ಪ ಇದ್ದರೆ ಗಟ್ಟಿ ಹೇಳುದೂ ಪೂರಾ ಸತ್ಯ ಅಲ್ಲ. ಮರ ಉದ್ದಕ್ಕೆ ಹೆಚ್ಚು ಕುಗ್ಗುತ್ತಿಲ್ಲೆ. ಅಗಲಕ್ಕೆ ಬೇಸಗೆಲಿ ಕುಗ್ಗುತ್ತು, ಮಳೆಗಾಲಲ್ಲಿ ಹಿಗ್ಗುತ್ತು. ಅಗಲದ ಹಲಗೆಯ ನಾಲ್ಕೂ ಹೊಡೆಂದ ಬಿಗುದರೆ ಅದು ಒಡೆಯದ್ದೆ ಎಂತ ಮಾಡುಗು? ದಪ್ಪ ಆದಷ್ಟೂ ಒಣಗುಲೆ ಹೊತ್ತು ಬೇಕು. ನೆರಳಿಲ್ಲಿ ಒಣಗುಸುದಾದರೆ ಇಂಚಿಂಗೆ ಒಂದು ವರ್ಷ ಹೇಳಿ ಲೆಕ್ಕ. ಮಗನ ಮದುವೆಗೆ ಎರಡು ತಿಂಗಳಿಪ್ಪಗ ಮರ ಕಡುದರೆ ಹಸಿ ಮಂಚವೇ ಅಕ್ಕಷ್ಟೆ. ಅದರ ಮೇಲೆ, ಹಲಗೆ ಅಗಲ ಬರಲಿ ಹೇಳಿ ಚೋಲಿ ಹತ್ತರಾಣ ಬೆಳಿ ಭಾಗವನ್ನೂ ಬಿಡ್ತವು. ಕುಟ್ಟೆಗೆ ಅದುವೇ ಊಟ. ಒಳಾಣ ಅರಶಿನ ಬಣ್ಣದ ತಿರುಳು ಮಾತ್ರ ತೆಗದುಗೊಳ್ಳೆಕ್ಕು.

"ಪೆಟ್ಟಿಗೆ ಇದ್ದರೆ ಹೊದಕ್ಕೆ ಮಡುಗುಲಕ್ಕನ್ನೇ" ಹೇಳುಗು ಕೆಲವು ಜೆನ. ಮಡುಗಿ ನೋಡಿ. ಗಾಳಿ ಇಲ್ಲದ್ದೆ ಆಟಿಲಿ ಮುಗ್ಗುಲು ವಾಸನೆ ಬತ್ತು. ಒಂದು ಹೊದಕ್ಕೆ ತೆಗವಲೆ ಹಾಸಿಗೆ ನೆಗ್ಗೆಕ್ಕು, ಹಲಗೆ ನೆಗ್ಗೆಕ್ಕು. ಆ ಕೆಲಸವೂ ಎಂಗೊಗೇ.

ಮಗಳ ಮಂಚಕ್ಕೆ ಆನೇ ಅಳತೆ ಕೊಟ್ಟೆ. ಮರ ಕೊಯಿಶಿ, ಹಲಗೆಗಳ ಎಡಕ್ಕಿಲಿ ತುಂಡು ರೀಪು ಮಡುಗಿ, ಅಟ್ಟಲ್ಲಿ ಎರಡು ಬೇಸಗೆ ಒಣಗುಸಿದೆಯೊ. ಕಾಲಿಂಗೆ, ಚೌಕಟ್ಟಿಂಗೆ ದಪ್ಪ ಮರ. ಭಾರ ಬೀಳುದು ಅಲ್ಲಿಯನ್ನೆ. ಮೇಗಂಗೆ 3 ಇಂಚು ಅಗಲ, ಮುಕ್ಕಾಲು ಇಂಚು ದಪ್ಪದ ರೀಪು, ಎಡಕ್ಕಿಲಿ ಬೆರಳು ಹೋಪಷ್ಟು ಸಂದು, ಗಾಳಿ ಆಡ್ಲೆ. ಮಧ್ಯಲ್ಲಿ ಉದ್ದಕ್ಕೊಂದು ಆಧಾರದ ಮರ, ಅದಕ್ಕೊಂದು ಕಾಲು. ಮೂಲೆಗೊಕ್ಕೆ ಬೋಲ್ಟು, ಬೇಕಾದಪ್ಪಗ ಕಳಚುಲಕ್ಕು. ಹಾಸಿಗೆ ಸೇರಿ 18 ಇಂಚು ಎತ್ತರ, ಕೂದರೆ ಪಾದ ನೆಲಕ್ಕೆ ತಾಗೆಕ್ಕು. ಅಡಿಲಿ ಹಿಡಿಸೂಡಿಯೂ ಕೈಯೂ ಸಲೀಸು ಹೋಯೆಕ್ಕು.

ಇವು "ಇದೆಂತ, ಬಡವರ ಮಂಚದ ಹಾಂಗೆ" ಹೇಳಿದವು. ಎರಡು ಮಳೆಗಾಲ ಕಳುತ್ತು. ಬೂಸರಿಲ್ಲೆ, ಕುಟ್ಟೆ ಇಲ್ಲೆ. ಮಗಳೂ ಆನೂ ಸೇರಿ ಮಂಚವ ಜಾರ್ಸಿ ನೆಲ ಉದ್ದುತ್ತೆಯೊ. ಇವು ಈಗ ಮಾತಾಡ್ತವಿಲ್ಲೆ.

"ಹೆಮ್ಮಕ್ಕೊಗೆ ಮರದ ವಿಷಯ ಎಂತ ಗೊಂತಿದ್ದು?" ಕೇಳುಗು. ಮಂಚಲ್ಲಿ ಒರಗುದು ಎಲ್ಲೋರು. ಅದರ ಅಡಿ ಉಡುಗುದು, ಹಾಸಿಗೆಯ ಬೆಶಿಲಿಂಗೆ ಹಾಕುದು, ತಿಗಣೆ ಹುಡುಕ್ಕುದು, ಸೀಕಿಲಿ ಮನುಗಿದವರ ನೋಡುದು ಆರು? ಮಂಚದ ವಿಷಯ ಗೊಂತಿಪ್ಪದು ಅವಕ್ಕೇ.

ಹಾಂಗಾಗಿ ಅಕ್ಕಂದ್ರೇ, ಆಚಾರಿ ಜಾಲಿಂಗೆ ಬಂದಪ್ಪಗ ಚಾಯ ಕೊಟ್ಟಿಕ್ಕಿ ಒಳ ಹೋಗೆಡಿ. ಅಳತೆ ಟೇಪಿನ ಒಂದು ಕೊಡಿ ನಿಂಗಳೇ ಹಿಡ್ಕೊಳ್ಳಿ.